ಎತ್ತರದಿಂದ ಇಳಿದವನು

“ಗುರುಗಳೇ, ಈಚೆಗೆ ಧ್ಯಾನಕ್ಕೆ ಕೂತರೆ ನಾನು ಬಹಳ ಎತ್ತರಕ್ಕೆ ಹೋಗಿಬಿಡುತ್ತೇನೆ. ಅಲ್ಲಿಂದ ನೋಡಿದರೆ ಜನರ ಗೋಳೆಲ್ಲ ತೀರಾ ಚಿಕ್ಕದಾಗಿ ಕಾಣುತ್ತದೆ. ಯಾರು ಅತ್ತರೂ ನನ್ನನ್ನು ಮುಟ್ಟುವುದಿಲ್ಲ. ಮನಸ್ಸು ತಣ್ಣಗಿರುತ್ತದೆ. ಜ್ಞಾನ ಎಂದರೆ ಇದೇ ಅಲ್ಲವೇ?” ಎಂದು ಶಿಷ್ಯನೊಬ್ಬ ಕೇಳಿದ.

ಅವನು ಕೇಳಿದ ರೀತಿ ನೋಡಿದರೆ, ಹೌದು ಎಂಬ ಉತ್ತರವನ್ನು ತಾನೇ ಬುತ್ತಿ ಕಟ್ಟಿಕೊಂಡು ಬಂದ ಹಾಗಿತ್ತು. ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. “ಕೂತುಕೋ, ಒಬ್ಬ ಪೈಲಟ್‌ನ ಕತೆ ಹೇಳುತ್ತೇನೆ” ಎಂದರು.

ಒಂದು ದೇಶದಲ್ಲಿ ಯುದ್ಧ ನಡೆದಿತ್ತು. ಅಲ್ಲಿ ಒಬ್ಬ ಪೈಲಟ್ ಇದ್ದ. ನೆಲದ ಮೇಲೆ ಕಾದಾಡುವ ಸಿಪಾಯಿಗಳು ಇಕ್ಕಟ್ಟಿಗೆ ಸಿಕ್ಕಾಗ ಹಾರಿಹೋಗಿ, ಶತ್ರುಗಳ ಮೇಲೆ ಬಾಂಬು ಹಾಕಿ, ಆ ಸಿಪಾಯಿಗಳನ್ನು ಪಾರುಮಾಡುವುದು ಅವನ ಕೆಲಸ. ಆ ಕೆಲಸದಲ್ಲಿ ಪಳಗಿದ ಕೈ. ಗುರಿ ತಪ್ಪಿದ್ದೇ ಕಡಿಮೆ.

ಅವನಿಗೆ ಯುದ್ಧ ಇಷ್ಟವಿರಲಿಲ್ಲ, ಎತ್ತರ ಇಷ್ಟವಾಗಿತ್ತು. ಮೋಡ ದಾಟಿದ ಮೇಲೆ ನೆಲ ಮಾತು ನಿಲ್ಲಿಸುತ್ತಿತ್ತು. ನದಿ ಹರಿಯುವುದನ್ನು ಬಿಟ್ಟು ಸುಮ್ಮನೆ ಮಲಗಿರುತ್ತಿತ್ತು. ಬೆಟ್ಟಗಳಿಗೆ ಭಾರವೇ ಇಲ್ಲವೆನಿಸುತ್ತಿತ್ತು. ಬಾಂಬಿನ ಗುಂಡಿ ಒತ್ತಿದರೆ ವಿಮಾನ ಕೊಂಚ ಹಗುರಾಗುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಕೆಳಗೆಲ್ಲೋ ಬಿಳಿ ಹೊಗೆ ಸದ್ದಿಲ್ಲದೆ ಅರಳುತ್ತಿತ್ತು. ಯಾರೋ ಕಾಣುತ್ತಿರುವ ಕನಸನ್ನು ತಾನು ಕಿಟಕಿಯಿಂದ ನೋಡುತ್ತಿದ್ದೇನೆ ಎಂದು ಅವನಿಗೆ ಅನ್ನಿಸುತ್ತಿತ್ತು. ಮರಳಿ ಬಂದು, ಹೊಟ್ಟೆ ತುಂಬ ಉಂಡು, ತಲೆ ದಿಂಬಿಗೆ ತಾಗಿದರೆ ಸಾಕು, ಗಾಢ ನಿದ್ದೆ. ಜೊತೆಯವರು ಅವನ ನಿದ್ದೆ ಕಂಡು ಹೊಟ್ಟೆಕಿಚ್ಚು ಪಡುತ್ತಿದ್ದರು.

ಒಂದು ಮಧ್ಯಾಹ್ನ ಹಿಮದ ಕಣಿವೆಯೊಂದರಿಂದ ರೇಡಿಯೋದಲ್ಲಿ ಕರೆ ಬಂತು. ಹಳ್ಳದ ಪಕ್ಕದಲ್ಲಿ ಒಂದು ತುಕಡಿ ಸಿಕ್ಕಿಬಿದ್ದಿತ್ತು. ಹತ್ತಿರದ ಬಂಡೆಗಳ ಮರೆಯಲ್ಲಿ ಶತ್ರುಗಳು ಮಷೀನ್‌ಗನ್ ಹೂಡಿಕೊಂಡು ಕೂತಿದ್ದರು. ತುಕಡಿಯವರು ತಲೆ ಎತ್ತುವ ಹಾಗಿರಲಿಲ್ಲ. ಕತ್ತಲಾಗುವುದರೊಳಗೆ ಆ ಮಷೀನ್‌ಗನ್ನಿನ ಬಾಯಿ ಮುಚ್ಚಿಸದಿದ್ದರೆ ಒಬ್ಬರೂ ಜೀವಸಹಿತ ಹಿಂತಿರುಗುವಂತಿರಲಿಲ್ಲ.

ಪೈಲಟ್ ಹೊರಟ ಮೇಲೆ ತುಕಡಿಯ ಹವಾಲ್ದಾರ ರೇಡಿಯೋದಲ್ಲಿ ಅವನಿಗೆ ಹೇಳಿದ್ದು ಎರಡೇ ಮಾತು. “ಸಾಹೇಬ್ರ, ಲಗೂನ ಬರ್ರಿ. ಇಲ್ಲಿ ಭಾಳ ಥಂಡಿ ಐತ್ರಿ.” ಅಷ್ಟರಲ್ಲಿ ಅವನ ರೇಡಿಯೋ ಸತ್ತುಹೋಯಿತು.

ಪೈಲಟ್‌ಗೆ ವಿಚಿತ್ರವೆನಿಸಿತು. ಗುಂಡಿನ ಮಳೆಯ ನಡುವೆ ಕೂತವನು ಗುಂಡಿನ ಸುದ್ದಿಯನ್ನೇ ಎತ್ತದೆ ಚಳಿಯ ಸುದ್ದಿ ಹೇಳಿದ್ದ.

ವಿಮಾನ ಕರೆಸಿಕೊಂಡ ತುಕಡಿ ತಾನಿರುವ ಜಾಗದಲ್ಲಿ ಕಿತ್ತಳೆ ಬಣ್ಣದ ದೊಡ್ಡ ಬಟ್ಟೆಯೊಂದನ್ನು ನೆಲಕ್ಕೆ ಹಾಸಬೇಕೆಂದು ಆ ಸೈನ್ಯದಲ್ಲಿ ಪದ್ಧತಿಯಿತ್ತು. ಬಟ್ಟೆ ಇದ್ದಲ್ಲಿ ನಮ್ಮವರು, ಇಲ್ಲದಲ್ಲಿ ಶತ್ರುಗಳು. ಪೈಲಟ್ ಕಣಿವೆಯ ಮೇಲೆ ಬಂದು ನೋಡಿದ. ಹಳ್ಳ ಹಿಮದಡಿ ಮುಚ್ಚಿಹೋಗಿತ್ತು. ಎರಡು ಕಡೆ ಕಪ್ಪು ಚುಕ್ಕಿಗಳ ಗುಂಪಿತ್ತು. ಬಟ್ಟೆ ಎಲ್ಲೂ ಇರಲಿಲ್ಲ.

ರೇಡಿಯೋದಲ್ಲಿ ತನ್ನ ವಾಯುನೆಲೆಗೆ ತಿಳಿಸಿದ. ಅಲ್ಲಿಂದ ಮೇಲಧಿಕಾರಿಯ ದನಿ ಬಂತು. “ಬಟ್ಟೆ ಕಾಣದಿದ್ದರೆ ನಮ್ಮವರು ಹೋದರು ಎಂದೇ ಲೆಕ್ಕ. ಎರಡೂ ಕಡೆ ಹಾಕಿ ಬಂದುಬಿಡು.”

ಪೈಲಟ್‌ನ ಹೆಬ್ಬೆರಳು ಗುಂಡಿಯ ಮೇಲಿತ್ತು. ಕೆಳಗೆ ಹಿಮ ಬಿಸಿಲಿಗೆ ಮೆಲ್ಲಗೆ ಹೊಳೆಯುತ್ತಿತ್ತು. ಎಲ್ಲವೂ ನಿದ್ದೆಯಲ್ಲಿರುವಂತೆ ಶಾಂತವಾಗಿತ್ತು. ಒತ್ತಿದ್ದರೆ ಎರಡು ಬಿಳಿ ಹೊಗೆ ಅರಳಿ, ಕನಸು ತನ್ನ ಪಾಡಿಗೆ ಮುಂದುವರಿಯುತ್ತಿತ್ತು. ತಪ್ಪು ಅವನ ತಲೆಯ ಮೇಲೆ ಬರುತ್ತಿರಲಿಲ್ಲ. ಆದರೆ ಹವಾಲ್ದಾರನ ದನಿ ಅವನ ಕಿವಿ ಬಿಟ್ಟಿರಲಿಲ್ಲ. ಅಂಥ ಚಳಿಯಲ್ಲಿ ಗಾಯಗೊಂಡವನೊಬ್ಬ ಗಡಗಡ ನಡುಗುತ್ತಿದ್ದರೆ, ಇರುವ ಒಂದು ಬಟ್ಟೆಯನ್ನು ಯಾರಾದರೂ ನೆಲಕ್ಕೆ ಹಾಸುತ್ತಾರೆಯೇ?

ಪೈಲಟ್ ಬೆರಳು ತೆಗೆದ. ವಿಮಾನದ ಮೂತಿಯನ್ನು ಕೆಳಕ್ಕೆ ತಿರುಗಿಸಿದ. ಅಷ್ಟು ಕೆಳಕ್ಕೆ ಇಳಿಯಕೂಡದೆಂದು ಕಟ್ಟಪ್ಪಣೆಯಿತ್ತು. ಅವನು ಇಳಿದ.

ಇಳಿದಂತೆ ಬೆಟ್ಟಗಳಿಗೆ ಭಾರ ಬಂತು. ಚುಕ್ಕಿಗಳಿಗೆ ಕೈಕಾಲು ಬಂದವು. ಮೊದಲ ಗುಂಪಿನವರು ಬರೀ ಅಂಗಿಯಲ್ಲಿ ಕೂತಿದ್ದರು. ಅವರೆಲ್ಲರ ಕೋಟುಗಳೂ ನಡುವೆ ಮಲಗಿದ್ದ ಒಬ್ಬನ ಮೇಲೆ ರಾಶಿಯಾಗಿ ಬಿದ್ದಿದ್ದವು. ರಾಶಿಯ ಅಂಚಿನಲ್ಲಿ ಒಂದು ಗೇಣು ಕಿತ್ತಳೆ ಬಣ್ಣ ಇಣುಕುತ್ತಿತ್ತು. ಮೇಲೆರಗುವ ವಿಮಾನ ಕಂಡು ಅವರಲ್ಲಿ ಯಾರೂ ಓಡಲಿಲ್ಲ. ಒಬ್ಬ ಮಾತ್ರ ಮಲಗಿದ್ದವನ ಮೇಲೆ ಅಡ್ಡ ಬಿದ್ದು ಅವನನ್ನು ಮರೆಮಾಡಿದ. ಪೈಲಟ್‌ಗೆ ಅಳು ಬಂತು.

ಮುಂದೆ ಬಂಡೆಗಳು. ಅಲ್ಲಿ ಮಷೀನ್‌ಗನ್ನಿನ ಹಿಂದೆ ಒಬ್ಬ ಸಿಪಾಯಿ ಚಳಿಗೆ ಅಂಗೈ ಉಜ್ಜಿಕೊಳ್ಳುತ್ತಿದ್ದ. ಅವನಿಗೂ ಅದೇ ಚಳಿ. ಸದ್ದಿಗೆ ಮುಖವೆತ್ತಿ ನೋಡಿದ. ಮರುಗಳಿಗೆ ಗನ್ ತಿರುಗಿತು. ಗುಂಡುಗಳು ರೆಕ್ಕೆಯನ್ನು ಸೀಳಿದವು, ಒಂದು ಪೈಲಟ್‌ನ ತೊಡೆಗೆ ಹೊಕ್ಕಿತು.

ಅವನು ಮತ್ತೆ ಮೇಲಕ್ಕೆ ಏರಲಿಲ್ಲ. ಎತ್ತರದಿಂದ ಬಾಂಬು ಹಾಕಿದರೆ ತುಕಡಿಯವರಿಗೂ ಅಪಾಯವಾಗುವಷ್ಟು ಹತ್ತಿರದ ಜಾಗ ಅದು. ಹಲ್ಲು ಕಚ್ಚಿಕೊಂಡು ಕೆಳಮಟ್ಟದಲ್ಲೇ ಸುತ್ತುಹಾಕಿ ಬಂದ. ಗುಂಡುಗಳು ಎದುರಿಗೇ ಬರುತ್ತಿದ್ದವು. ಆ ಸಿಪಾಯಿಯ ಮುಖ ನೋಡುತ್ತಲೇ ಗುಂಡಿ ಒತ್ತಿದ. ಈ ಸಲ ಅವನಿಗೆ ಸದ್ದು ಕೇಳಿಸಿತು.

ತುಕಡಿಯವರು ಗಾಯಾಳುವನ್ನು ಹೊತ್ತುಕೊಂಡು ಕತ್ತಲಾಗುವ ಮೊದಲೇ ಕಣಿವೆ ದಾಟಿದರು. ಪೈಲಟ್ ತೂತುಬಿದ್ದ ವಿಮಾನವನ್ನು ಹೇಗೋ ನೆಲ ಮುಟ್ಟಿಸಿದ. ತೊಡೆಯ ಗಾಯ ಮಾಯಿತು. ಅವನಿಗೆ ಪದಕ ಕೊಟ್ಟರು, ಹೆಗಲ ಮೇಲೆ ಹೊತ್ತು ಕುಣಿದರು. ಆದರೆ ಮೊದಲಿನ ನಿದ್ದೆ ಮತ್ತೆ ಬರಲಿಲ್ಲ. ಕಣ್ಣು ಮುಚ್ಚಿದರೆ ಅಂಗೈ ಉಜ್ಜುತ್ತಿದ್ದವನು ಮುಖವೆತ್ತಿ ನೋಡುತ್ತಿದ್ದ. ಎಷ್ಟೇ ಎತ್ತರಕ್ಕೆ ಹಾರಿದರೂ ಕೆಳಗಿನವರು ಅವನಿಗೆ ಚುಕ್ಕಿಗಳಾಗಿ ಕಾಣಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖದಲ್ಲಿ ಮರುಕವಿತ್ತು.

“ಪಾಪ, ಗುರುಗಳೇ. ಅವನು ಮೇಲೆಯೇ ಇದ್ದಿದ್ದರೆ ಅವನ ನೆಮ್ಮದಿಯಾದರೂ ಉಳಿಯುತ್ತಿತ್ತು” ಎಂದ.

ಗುರುಗಳು ಅವನನ್ನೇ ನೋಡುತ್ತ ಹೇಳಿದರು: “ಅವನ ನೆಮ್ಮದಿ ಉಳಿಯುತ್ತಿತ್ತಪ್ಪಾ, ಕೋಟು ಬಿಚ್ಚಿ ಕೊಟ್ಟು ಹಿಮದಲ್ಲಿ ಕೂತವರು ಉಳಿಯುತ್ತಿರಲಿಲ್ಲ.”