ಮಠದ ಕಾರು ನಿಂತದ್ದು ಯಾಕೆ

ಹೊಳೆದಂಡೆಯ ಮಠದಲ್ಲಿ ಒಂದು ಹಳೆಯ ಕಾರಿತ್ತು. ಯಾರೋ ಭಕ್ತರು ತಾವು ಓಡಿಸಿ ಸಾಕಾದ ಮೇಲೆ ಮಠಕ್ಕೆ ಕೊಟ್ಟದ್ದು. ಧರ್ಮಕ್ಕೆ ಕೊಟ್ಟ ದಟ್ಟಿಯನ್ನು ಹಿತ್ತಲಿಗೆ ಒಯ್ದು ಮೊಳ ಹಾಕಬಾರದಲ್ಲ, ಹಾಗಾಗಿ ಅದರ ವಯಸ್ಸನ್ನು ಯಾರೂ ಕೇಳಿರಲಿಲ್ಲ.

ಅದನ್ನು ಓಡಿಸುತ್ತಿದ್ದವನು ಕೊಟ್ರಯ್ಯ, ಗುರುಗಳ ಹಿರಿಯ ಶಿಷ್ಯ. ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅಜ್ಜಾರೆಂದರೆ ಕೊಟ್ರಯ್ಯನಿಗೆ ಪ್ರಾಣ. ಅವರ ಹೆಸರು ಹೇಳದೆ ಅವನು ಒಂದು ಲೋಟ ನೀರನ್ನೂ ಕುಡಿಯುತ್ತಿರಲಿಲ್ಲ.

ಕಾರಿಗೆ ನೀರು, ಆಯಿಲ್ ನೋಡುವ ಕೆಲಸ ರುದ್ರಮುನಿಯದು. ಅವನು ಮಠಕ್ಕೆ ಹೊಸಬ.

ಆ ದಿನ ಇಬ್ಬರೂ ಪೇಟೆಯಿಂದ ದಾಸೋಹದ ಅಕ್ಕಿ ತರುತ್ತಿದ್ದರು. ದಾರಿಯಲ್ಲಿ ರುದ್ರಮುನಿ, ಎಂಜಿನ್ ಯಾಕೋ ಕಟಕಟ ಎನ್ನುತ್ತಿದೆ, ಒಮ್ಮೆ ನಿಲ್ಲಿಸಿ ನೋಡೋಣ ಎಂದ. ಅಜ್ಜಾರ ಹೆಸರು ಹೇಳಿ ಹೊರಟಿದ್ದೇವೆ, ಏನೂ ಆಗುವುದಿಲ್ಲ ಎಂದು ಕೊಟ್ರಯ್ಯ ಅವನ ಬಾಯಿ ಮುಚ್ಚಿಸಿದ.

ಮಠ ಇನ್ನೇನು ಕಾಣಬೇಕು, ಕಾರು ಗಕ್ಕನೆ ನಿಂತಿತು. ಕೀಲಿ ತಿರುಗಿಸಿದರೆ ಎಂಜಿನ್ ಮಿಸುಕಲಿಲ್ಲ. ಕೊನೆಗೆ ಊರವರು ಎತ್ತು ಕಟ್ಟಿ ಎಳೆದು ತಂದರು. ಮೆಕ್ಯಾನಿಕ್ ರಾಜಾಸಾಬ್ ಬಂದು ನೋಡಿ, ಎಂಜಿನ್ ಸೀಜ್ ಆಗಿದೆ, ಒಳಗೆಲ್ಲ ಕಾದು ಕಚ್ಚಿಕೊಂಡಿದೆ ಎಂದ.

ಕೊಟ್ರಯ್ಯ ನೇರವಾಗಿ ಅಜ್ಜಾರ ಬಳಿ ಹೋದ. ಅವರು ಅಂಗಳದಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು.

“ರುದ್ರಮುನಿ ಆಯಿಲ್ ನೋಡಿಲ್ರಿ ಅಜ್ಜಾರ. ಅವನನ್ನ ಮಠದಿಂದ ಕಳಿಸಿಬಿಡ್ರಿ.”

ರುದ್ರಮುನಿಯನ್ನು ಕರೆಸಿ ಕೇಳಿದ್ದಾಯಿತು. ಬೆಳಿಗ್ಗೆ ಅಳತೆಯ ಕಡ್ಡಿ ಎಳೆದು ನೋಡಿದ್ದೆ, ಆಯಿಲ್ ಗುರುತಿನವರೆಗೂ ಇತ್ತು ಎಂದಷ್ಟೇ ಹೇಳಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಮನುಷ್ಯನಲ್ಲ ಅವನು. ಆದರೂ ಹಿರಿಯ ಶಿಷ್ಯನ ಮಾತಿನ ಮುಂದೆ ತನ್ನ ಮಾತು ನಡೆಯುವುದುಂಟೆ ಎಂದುಕೊಂಡು ಬಟ್ಟೆ ಗಂಟು ಕಟ್ಟಿದ. ಹೊಳೆಯ ಮೆಟ್ಟಿಲ ಮೇಲೆ ಹೋಗಿ ಕುಳಿತ. ಅಲ್ಲಿಂದ ಎದ್ದು ಹೋಗಲು ಅವನಿಗೆ ಬೇರೆ ಮನೆಯಿರಲಿಲ್ಲ.

“ತಪ್ಪು ಯಾರದೈತಿ, ಅವರು ಹೋಗ್ಲಿ,” ಎಂದರು ಅಜ್ಜಾರು ಕೊಟ್ರಯ್ಯನಿಗೆ. “ಮೊದಲು ಕಾರು ಯಾಕ ನಿಂತಿತು, ತಿಳಕೊಂಡು ಬಾ.”

ಕೊಟ್ರಯ್ಯ ಹೋದಷ್ಟೇ ಬೇಗ ಬಂದ. ಮುಖದಲ್ಲಿ ಗೆದ್ದ ಕಳೆಯಿತ್ತು.

“ಎಂಜಿನ್ನಾಗ ಹನಿ ಆಯಿಲ್ ಇಲ್ರಿ. ನಾ ಹೇಳಿದ್ದ ಖರೆ ಆತು.”

“ಯಾಕ ಇಲ್ಲ?”

ಅದನ್ನು ಅವನು ಕೇಳಿರಲಿಲ್ಲ. ಮತ್ತೆ ಹೋದ. ರಾಜಾಸಾಬ್ ಕಾರಿನ ಕೆಳಗೆ ಮಲಗಿದ್ದ. ಎಂಜಿನ್ನಿನ ತಳದಲ್ಲಿ ಆಯಿಲ್ ತುಂಬಿರುವ ಚೇಂಬರಿಗೆ ಕಲ್ಲು ಬಡಿದಿತ್ತು. ಸೀಳು ಹೊಸದು, ಇವತ್ತಿನದೇ. ಬೆಳಿಗ್ಗೆ ಇದ್ದ ಆಯಿಲ್ ದಾರಿಯುದ್ದಕ್ಕೂ ಸೋರಿ ಹೋಗಿತ್ತು.

ಈ ಸಲ ಕೊಟ್ರಯ್ಯ ನಿಧಾನವಾಗಿ ಬಂದ.

“ಕಲ್ಲು ಬಡಿದು ಸೋರೇತ್ರಿ.”

“ಹಂಗಾದ್ರ ಆ ಕಲ್ಲನ್ನ ಮಠದಿಂದ ಕಳಿಸೋಣೇನು?”

ನಗಬೇಕೋ ಬೇಡವೋ ಕೊಟ್ರಯ್ಯನಿಗೆ ತಿಳಿಯಲಿಲ್ಲ. ಅಜ್ಜಾರು ಇನ್ನೊಂದು ಕಾಯಿ ಬಿಡಿಸಿದರು.

“ಆಯಿಲ್ ಸೋರಿದ್ದು ಓಡಿಸೋರಿಗೆ ಗೊತ್ತಾಗಂಗಿಲ್ಲೇನು?”

“ಸ್ಟೇರಿಂಗ್ ಮುಂದ, ಮೀಟರಿನಾಗ ಒಂದು ಕೆಂಪು ದೀಪ ಹತ್ತತೈತ್ರಿ. ಹತ್ತಿದ ಕೂಡಲೇ ಎಂಜಿನ್ ಬಂದ್ ಮಾಡಬೇಕು. ನನಗ ಕಾಣಲಿಲ್ರಿ. ದೀಪ ಕೆಟ್ಟಿರಬೇಕು.”

“ಕೆಟ್ಟಿರಬೇಕೋ, ಕೆಟ್ಟೈತೋ?”

ಕೊಟ್ರಯ್ಯ ಮೂರನೆಯ ಸಲ ಹೋದ. ಕಾರಿನ ಬಾಗಿಲು ತೆಗೆದು ತನ್ನ ಜಾಗದಲ್ಲಿ ಕುಳಿತ. ಎದುರಿಗೆ, ಎಂದಿನಂತೆ, ಅಜ್ಜಾರು ನಗುತ್ತಿದ್ದರು. ಕಳೆದ ಜಾತ್ರೆಯಲ್ಲಿ ಕೊಂಡ ಅವರ ಭಾವಚಿತ್ರದ ಸ್ಟಿಕ್ಕರ್ ಅದು. ಓಡಿಸುವಾಗ ಕಣ್ಣೆದುರಿಗೇ ಇರಲಿ ಎಂದು ಅವನೇ ಜಾಗ ಹುಡುಕಿ ಅಂಟಿಸಿದ್ದ. ದಿನಾ ಅದಕ್ಕೆ ವಿಭೂತಿ ಹಚ್ಚಿ ಕೈ ಮುಗಿದೇ ಕೀಲಿಗೆ ಕೈ ಹಾಕುತ್ತಿದ್ದ.

ಈಗಲೂ ಕೈ ಮುಗಿದ. ಕೀಲಿಯನ್ನು ಅರ್ಧ ತಿರುಗಿಸಿದ.

ಕೆಂಪು ದೀಪ ಎಲ್ಲೂ ಕಾಣಲಿಲ್ಲ. ಆದರೆ ಚಿತ್ರದಲ್ಲಿ ಅಜ್ಜಾರ ಒಂದು ಗಲ್ಲ ಮಾತ್ರ ತುಸು ಕೆಂಪಾಗಿತ್ತು.

ಅವನು ಬಹಳ ಹೊತ್ತು ನೋಡಿದ. ಆಮೇಲೆ ಉಗುರಿನಿಂದ ಅಂಚು ಎಬ್ಬಿಸಿ, ಹರಿಯದಂತೆ ಮೆಲ್ಲಗೆ ಕಿತ್ತ. ಅದರ ಹಿಂದೆ ದೀಪ ನಿಗಿನಿಗಿ ಉರಿಯುತ್ತಿತ್ತು.

ಕಾರಿನಿಂದ ಇಳಿದು ಅಂಗಳಕ್ಕೆ ಬಂದ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಸ್ಟಿಕ್ಕರ್ ಅಂಗೈಗೆ ಅಂಟಿಕೊಂಡಿತ್ತು.

“ಇದು ದೀಪದ ಮ್ಯಾಲಿತ್ರಿ ಅಜ್ಜಾರ. ಅಂಟಿಸಿದಾವ ನಾನ. ಹೋಗಬೇಕಾದಾವನೂ ನಾನ.”

ಅಜ್ಜಾರು ಅದನ್ನು ಅವನ ಅಂಗೈಯಿಂದ ಬಿಡಿಸಿ ತೆಗೆದರು. ತಮ್ಮ ಮುಖವನ್ನೂ ಅದರ ಮೇಲಿನ ವಿಭೂತಿಯನ್ನೂ ಒಮ್ಮೆ ನೋಡಿದರು. ನೋಡಿ, ಪಕ್ಕದಲ್ಲಿದ್ದ ಅವರೆ ಸಿಪ್ಪೆಯ ಬುಟ್ಟಿಗೆ ಹಾಕಿದರು.

“ಹೊಳಿ ಕಡೆ ಹೋಗು. ರುದ್ರಮುನೀನ ಊಟಕ್ಕ ಕರಕೊಂಡು ಬಾ.”

ಕೊಟ್ರಯ್ಯ ಕದಲಲಿಲ್ಲ. ತನ್ನ ಗಂಟು ಯಾವಾಗ ಕಟ್ಟಲಿ ಎಂದು ಕೇಳಿದ.

“ಅದು ಬ್ಯಾಡ,” ಎಂದರು ಅಜ್ಜಾರು. “ನೀ ಇಲ್ಲೇ ಇದ್ದು, ನನ್ನನ್ನ ಇನ್ನೂ ಎಲ್ಲೆಲ್ಲಿ ಅಂಟಿಸೀದಿ, ನೋಡು.”