ಕೆಂಚವ್ವ ಕುಡಿದ ಬೂಷ್ಟಿನ ಮದ್ದು

ಒಂದು ಕಾಡಿನಲ್ಲಿ ಒಂದು ಮತ್ತಿಮರ, ಮರದಲ್ಲೊಂದು ಪೊಟರೆ, ಪೊಟರೆಯ ತುಂಬ ಜೇನು. ಆ ಗೂಡಿನ ಬಾಗಿಲು ಕಾಯುವವಳು ಕೆಂಚವ್ವ. ಬಂದವರನ್ನೆಲ್ಲ ಅವಳು ತನ್ನ ಕುಡಿಮೀಸೆಯಿಂದ ಮುಟ್ಟಿ ಮೂಸುತ್ತಿದ್ದಳು. ನಮ್ಮವರಾದರೆ ದಾರಿ ಬಿಡುತ್ತಿದ್ದಳು. ಅಲ್ಲದಿದ್ದರೆ ಪಕ್ಕದ ಸಣ್ಣಿಯನ್ನು ಕರೆದು, "ನೀನೂ ಒಂದ್ಸಲ ಮೂಸೇ" ಎನ್ನುತ್ತಿದ್ದಳು. ಇಬ್ಬರಿಗೂ ಹೊರಗಿನ ವಾಸನೆ ಹತ್ತಿತೋ, ಮುಗಿಯಿತು. ಕೆಂಚವ್ವನ ಮೈಯಿಂದ ಬಾಳೆಹಣ್ಣಿನಂಥ ಘಮ ಏಳುತ್ತಿತ್ತು. ಅದು ಹರಡಿದ್ದೇ ತಡ, ಇಬ್ಬರಿದ್ದ ಕಡೆ ಇನ್ನೂರು ಜನ ಮುಳ್ಳು ಮಸೆದು ನಿಲ್ಲುತ್ತಿದ್ದರು.

ಹೀಗಿರುವಾಗ ಗೂಡಿನ ಮುದಿ ರಾಣಿ ಸತ್ತಳು. ಮೊಟ್ಟೆ ಇಡುವವಳು ಅವಳೊಬ್ಬಳೇ. ರಾಣಿಯಾಗಿ ಬೆಳೆಸೋಣವೆಂದರೆ ಎಳೆಯ ಮರಿ ಒಂದೂ ಉಳಿದಿರಲಿಲ್ಲ. ಮರಿಗಳ ದಾದಿ ಸೋಮಕ್ಕ, "ಬೇರೆ ರಾಣಿ ಸಿಗದಿದ್ರೆ ಈ ಪೊಟರೆಯಲ್ಲಿ ಇನ್ನು ಗಾಳಿ ಮಾತ್ರ ಸಂಸಾರ ಮಾಡುತ್ತೆ" ಎಂದಳು. ಆಚೆಯ ಹೊನ್ನೆಮರದ ಗೂಡಿನಲ್ಲಿ ಹೆಚ್ಚಿನ ರಾಣಿಯರಿದ್ದರು. ಕಾಡಿ ಬೇಡಿ ಒಬ್ಬಳನ್ನು ಕರೆತಂದರು.

ಬಾಗಿಲಲ್ಲಿ ಕೆಂಚವ್ವ ಮೂಸಿದಳು. ಸಣ್ಣಿಯೂ ಮೂಸಿದಳು. ಇನ್ನೂರು ಜನ ಬಂದರು. ಕಣ್ಣು ಮುಚ್ಚಿ ತೆರೆಯುವುದರೊಳಗೆ ರಾಣಿ ಹೆಣವಾಗಿದ್ದಳು.

"ಭಲೇ ಕೆಂಚವ್ವ!" ಎಂದು ಎಲ್ಲರೂ ಅವಳ ಬೆನ್ನು ತಟ್ಟಿದರು. ತಟ್ಟಿ ಮುಗಿದ ಮೇಲೆ, ಕೊಂದದ್ದು ಯಾರನ್ನು ಎಂದು ಹೊಳೆದು, ಸಾಲಾಗಿ ಅಳಲು ಕೂತರು.

"ನಾನೇನ್ ತಪ್ಪು ಮಾಡ್ದೆ ಸೋಮಕ್ಕ?" ಕೆಂಚವ್ವ ಕೇಳಿದಳು.

"ಏನೂ ತಪ್ಪು ಮಾಡ್ಲಿಲ್ಲ ಕಣೇ. ನಮಗೆ ಬಂದಿರೋ ಕಷ್ಟ ಅದೇ."

ಅದೇ ಮರದ ಬುಡದಲ್ಲಿ ಒಬ್ಬ ಓತಿಕ್ಯಾತನಿದ್ದ. ಯಾರು ಏನು ಹೇಳಿದರೂ ತಲೆ ಆಡಿಸುವುದು ಅವನ ಹುಟ್ಟುಗುಣ. ಅಷ್ಟಕ್ಕೇ ಕಾಡಿನವರು ಅವನನ್ನು ಪಂಡಿತ ಎಂದು ಕರೆಯುತ್ತಿದ್ದರು. ಸೋಮಕ್ಕ ಕೆಂಚವ್ವನನ್ನು ಕರೆದುಕೊಂಡು ಅವನ ಬಳಿ ಹೋದಳು. ಪಂಡಿತ ತಲೆ ಆಡಿಸಿದ.

"ಕೊಳೆತ ದಿಮ್ಮಿಯ ಕೆಳಗೆ ಮಣ್ಣಿನಲ್ಲಿ ಒಂದು ಬೂಷ್ಟು ಬೆಳೆಯುತ್ತೆ. ಒಂದು ಕಾಲಿನ ತುದಿಗೆ ಹತ್ತಿದಷ್ಟು ತಗೊಂಡು ಜೇನಿನಲ್ಲಿ ಕಲಸಿ, ಕಾವಲಿನವರಿಗೆ ದಿನಾ ಬೆಳಿಗ್ಗೆ ಕೊಡಿ."

"ಮೂಸೋ ಶಕ್ತಿ ಹೋಗುತ್ತಾ?" ಕೆಂಚವ್ವ ಕೇಳಿದಳು.

"ಎಲ್ಲಾದ್ರೂ ಉಂಟೇ ತಾಯಿ! ಹೊರಗಿನವರು ಅಂತ ಚೆನ್ನಾಗಿ ಗೊತ್ತಾಗುತ್ತೆ. ಆದ್ರೆ ಘಮ ಮೊದಲಿನ ಹಾಗೆ ಏಳಲ್ಲ. ಗೊತ್ತಾದದ್ದು ಗೊತ್ತಾದವಳ ಒಳಗೇ ಉಳಿದುಬಿಡುತ್ತೆ."

"ಗೊತ್ತಿದ್ದೂ ಸುಮ್ಮನಿರೋದಾ? ಇದೆಂಥ ಬಾಳು ಪಂಡಿತರೇ?"

"ಅರಮನೆಯವರೆಲ್ಲ ಹೀಗೇ ಬಾಳೋದು. ನೀವೂ ರೂಢಿ ಮಾಡ್ಕೊಳ್ಳಿ."

ಕೆಂಚವ್ವನಿಗೆ ಹುಟ್ಟಿದಾರಭ್ಯ ಇದ್ದ ಹೆಮ್ಮೆ ಒಂದೇ, ಅವಳ ಕಾವಲು. ಆದರೂ ಖಾಲಿ ಬಿದ್ದ ಮರಿಗಳ ಕೋಣೆಗಳನ್ನು ಒಮ್ಮೆ ನೋಡಿ, ಕಣ್ಣುಮುಚ್ಚಿ ಮದ್ದು ಕುಡಿದಳು. ಸಣ್ಣಿಗೂ ಕುಡಿಸಿದಳು.

ಎರಡನೆಯ ರಾಣಿ ಬಂದಳು. ಕೆಂಚವ್ವ ಮೂಸಿ, "ನಮ್ಮವಳಲ್ಲ" ಎಂದಳು. ಸಣ್ಣಿ ಮೂಸಿ, "ಅಲ್ಲವೇ ಅಲ್ಲ" ಎಂದಳು. ಘಮ ಏಳಲು ಹೊರಟು ಅಲ್ಲೇ ಕೂತಿತು. ಇಬ್ಬರೂ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನಮ್ಮ ರಕ್ತದಲ್ಲೂ ಹೊರಗಿನದನ್ನು ಗುರುತಿಸಿ ಕೂಗೆಬ್ಬಿಸುವ ಟಿ ಕಣಗಳೆಂಬ ಕೆಂಚವ್ವಂದಿರಿದ್ದಾರೆ. ಬೇರೆಯವರ ಮೂತ್ರಪಿಂಡ ಜೋಡಿಸಿಕೊಂಡವರಿಗೆ ವೈದ್ಯರು ಕೊಡುವ ಮದ್ದಿನಲ್ಲೂ ಬೂಷ್ಟಿನಿಂದಲೇ ಬಂದದ್ದೊಂದಿದೆ. ಅದೂ ಗುರುತನ್ನು ಅಳಿಸುವುದಿಲ್ಲ, ಕೂಗನ್ನು ತಡೆಯುತ್ತದೆ.

ಗೂಡು ಮತ್ತೆ ತುಂಬಿತು. ಕೋಣೆಕೋಣೆಯಲ್ಲೂ ಮರಿ. ಮದ್ದು ಒಂದು ಬೆಳಿಗ್ಗೆ ತಪ್ಪಿದರೆ ಸಾಕು, ರಾಣಿಯನ್ನು ಕಂಡು ಕೆಂಚವ್ವನ ಮುಳ್ಳು ತುರಿಸುತ್ತಿತ್ತು. ಆದ್ದರಿಂದ ಸೋಮಕ್ಕ ಒಂದು ದಿನವೂ ತಪ್ಪಿಸುತ್ತಿರಲಿಲ್ಲ.

ಇತ್ತ ಪಂಡಿತ, "ನಾಡಿ ನೋಡೋಣ" ಎಂದು ದಿನಾ ಬಾಗಿಲಿಗೆ ಬರತೊಡಗಿದ. ಕೆಂಚವ್ವ ಗುರುಗುಟ್ಟಿದಳು.

"ನೋಡಿದ್ರಾ ಸೋಮಕ್ಕ? ನನ್ನಂಥ ಉಪಕಾರಿಯ ಮೇಲೇ ಗುರುಗುಟ್ಟುತ್ತಾಳೆ. ನಾಳೆ ರಾಣಿಯ ಮೇಲೆ ಬಿದ್ರೆ? ಮದ್ದು ಏರಿಸಿ."

ರಾಣಿಯ ಹೆಸರೆತ್ತಿದರೆ ಸೋಮಕ್ಕನ ಜೀವ ನಡುಗುತ್ತಿತ್ತು. ಒಂದು ಕಾಲಿನ ತುದಿಯ ಮದ್ದು ಎರಡು ಕಾಲಿನದಾಯಿತು. ಆಮೇಲೆ ಆರು ಕಾಲಿನದೂ ಆಯಿತು. ಗುರುಗುಟ್ಟುವುದು ನಿಂತಿತು. ಮರುದಿನ ಪಂಡಿತ ಬಾಗಿಲಲ್ಲೇ ಬಿಡಾರ ಹೂಡಿ, ಪರಾಗ ಹೊತ್ತು ಬಂದವಳೊಬ್ಬಳನ್ನು ಗುಳುಂ ಮಾಡಿದ.

"ಕೆಂಚವ್ವ, ಅವನು ನಮ್ಮವಳನ್ನ ತಿಂದ," ಎಂದಳು ಸಣ್ಣಿ.

"ಹೌದು, ನೋಡಿದೆ."

"ಅವನು ನಮ್ಮವನಲ್ಲ."

"ಅದೂ ಗೊತ್ತು."

"ಏನಾದ್ರೂ ಮಾಡಬೇಕಲ್ವಾ?"

"ಮಾಡಬೇಕು," ಎಂದಳು ಕೆಂಚವ್ವ. ಇಬ್ಬರೂ ಮಾಡಬೇಕು, ಮಾಡಬೇಕು ಎನ್ನುತ್ತಾ ಸಂಜೆಯವರೆಗೆ ಕೂತರು. ಅಷ್ಟರಲ್ಲಿ ಪಂಡಿತ ಇನ್ನೂ ಹದಿನಾಲ್ಕು ಜನರ ನಾಡಿ ನೋಡಿದ್ದ. ಮೇಣ ತಿನ್ನುವ ಪತಂಗವೊಂದು ನಮಸ್ಕಾರವನ್ನೂ ಹೇಳದೆ ಒಳಗೆ ಹೋಗಿ ಮೊಟ್ಟೆ ಇಟ್ಟು ಬಂತು. ಕೆಂಚವ್ವ ಅದನ್ನೂ ಮೂಸಿದಳು, ಅದನ್ನೂ ಬಿಟ್ಟಳು. ಒಳಗೊಳಗೇ ಬೆಂದಳು.

ತಿಂದು ತಿಂದು ಪಂಡಿತ ಎಷ್ಟು ಉಬ್ಬಿದನೆಂದರೆ, ತಲೆ ಆಡಿಸಿದರೆ ಹೊಟ್ಟೆಯೂ ಆಡುತ್ತಿತ್ತು. ಅಂಥ ಒಂದು ಮಧ್ಯಾಹ್ನ ಹಸಿರು ಹಾವೊಂದು ಮತ್ತಿಮರ ಹತ್ತಿತು. ಇಷ್ಟು ವರ್ಷ ಯಾವ ಹಾವೂ ಆ ಮರದ ನೆರಳಿಗೂ ಬಂದಿರಲಿಲ್ಲ. ಎಲ್ಲಕ್ಕೂ ಜೇನಿನ ಮುಳ್ಳಿನ ಭಯ. ಆ ಭಯದ ನೆರಳಲ್ಲೇ ಪಂಡಿತನೂ ನೆಮ್ಮದಿಯಾಗಿ ಬಾಳಿದ್ದ. ಆದರೆ ಅದು ಅವನಿಗೆ ಹೊಳೆದದ್ದು ಹಾವು ಎದುರಿಗೆ ಹೆಡೆಯಿಲ್ಲದ ತಲೆಯನ್ನು ಚಾಚಿದಾಗ.

"ಕೆಂಚವ್ವಾ! ಹಾವು! ಬೇಗ ಮೂಸು!" ಎಂದು ಕಿರುಚಿದ.

ಕೆಂಚವ್ವ ನಿಧಾನವಾಗಿ ಬಂದು ಹಾವಿನ ಮೂತಿಯನ್ನು ಮೂಸಿದಳು. "ನಮ್ಮವರಲ್ಲ," ಎಂದಳು. "ಸಣ್ಣಿ, ನೀನೂ ಮೂಸೇ."

"ಅಲ್ಲವೇ ಅಲ್ಲ," ಎಂದಳು ಸಣ್ಣಿ.

"ಹಾಗಾದ್ರೆ ಘಮ ಎಬ್ಬಿಸು ತಾಯಿ! ಎಲ್ಲರನ್ನೂ ಕರಿ!"

"ಎಬ್ಬಿಸಬೇಕು ಅಂತಲೇ ಇದ್ದೀನಿ ಪಂಡಿತರೇ. ಏಳ್ತಾ ಇಲ್ಲ. ನಿಮ್ಮ ಮದ್ದು ಅಷ್ಟು ಚೆನ್ನಾಗಿದೆ."

ಪಂಡಿತ ಕೊನೆಯ ಬಾರಿ ತಲೆ ಆಡಿಸಿದ. ಆಮೇಲೆ ಆ ತಲೆ ಹಾವಿನ ಬಾಯೊಳಗೆ ಹೋಯಿತು, ಉಳಿದದ್ದೂ ಹಿಂಬಾಲಿಸಿತು. ಹಾವಿಗೆ ಜೇನಿನ ಗೊಡವೆ ಇರಲಿಲ್ಲ. ಅದು ಇಳಿದು ಹೋಯಿತು.

ಗೂಡಿನಲ್ಲಿ ಗದ್ದಲವೆದ್ದಿತು. "ಇನ್ನು ಮದ್ದೇ ಬೇಡ! ದಿಮ್ಮಿಯ ಕೆಳಗೇ ಬಿದ್ದಿರಲಿ!" ಎಂದು ಎಳೆಯರು ಕೂಗಿದರು.

"ಬೇಡ ಅಂದ್ರೆ ನಾಡಿದ್ದು ರಾಣಿಯನ್ನ ನಾನೇ ಕೊಲ್ತೀನಿ," ಎಂದಳು ಕೆಂಚವ್ವ. "ನನ್ನನ್ನ ನಂಬಬೇಡಿ, ಮದ್ದನ್ನೂ ನಂಬಬೇಡಿ. ಅಳತೆ ನೋಡಿ ಕೊಡಿ."

ಸೋಮಕ್ಕ ತಲೆ ತಗ್ಗಿಸಿದಳು. ಅಂದಿನಿಂದ ಮದ್ದನ್ನು ಕಡಿಮೆ ಮಾಡುತ್ತಾ ಮತ್ತೆ ಒಂದು ಕಾಲಿನ ತುದಿಗೆ ತಂದಳು. ಬೆಳಿಗ್ಗೆ ಕುಡಿಸಿ, ಸಂಜೆಯವರೆಗೂ ಕಾವಲಿನವರ ಮುಖವನ್ನೇ ನೋಡುತ್ತಿದ್ದಳು. ಹತ್ತನೆಯ ದಿನ ಮೇಣದ ಪತಂಗ ಮತ್ತೆ ಬಂತು. ಕೆಂಚವ್ವ ಮೂಸಿದಳು, ಸಣ್ಣಿಯೂ ಮೂಸಿದಳು. ಘಮ ಎದ್ದಿತು, ಸಣ್ಣದಾಗಿ. ಇನ್ನೂರು ಜನ ಬರಲಿಲ್ಲ, ಹತ್ತು ಜನ ಬಂದರು. ಪತಂಗಕ್ಕೆ ಹತ್ತು ಜನ ಧಾರಾಳವಾಯಿತು. ಒಳಗೆ ರಾಣಿ ಏನೂ ತಿಳಿಯದವಳಂತೆ ಮುಂದಿನ ಮೊಟ್ಟೆ ಇಟ್ಟಳು.

ನೀತಿ: ಕಾವಲುಗಾರರ ಬಾಯಿ ಕಟ್ಟಲೇಬೇಕಾದ ಕಾಲವೂ ಬರಬಹುದು, ಆದರೆ ಎಷ್ಟು ಬಿಗಿಯಾಗಿ ಕಟ್ಟಬೇಕೆಂದು, ಅವರ ಮೌನದಿಂದ ಹೊಟ್ಟೆ ತುಂಬಿಸಿಕೊಳ್ಳುವವನನ್ನು ಕೇಳಬಾರದು.