ಪಂಚೆಯ ಮೇಲೆ ಬಿದ್ದ ನದಿ

ನದಿಯ ದಂಡೆಯ ಆಶ್ರಮದಲ್ಲಿ ಚಿದಂಬರಯ್ಯ ಎಂಬ ಗುರುಗಳಿದ್ದರು. ಒಂದು ಕಾಲದಲ್ಲಿ ಫೋಟೋ ಸ್ಟುಡಿಯೋ ನಡೆಸಿದವರು. ಈಗ ಕೇಳಿಕೊಂಡು ಬಂದವರಿಗೆ ಆ ವಿದ್ಯೆ ಹೇಳಿಕೊಡುತ್ತಿದ್ದರು.

ಶಿಷ್ಯೆ ಶಾಂಭವಿ ಅಂದು ಸಂಜೆ ಜಗಲಿಯಲ್ಲಿ ಕೂತು ಒದ್ದಾಡುತ್ತಿದ್ದಳು. ಹೊಸ ಡಿಜಿಟಲ್ ಕ್ಯಾಮೆರಾಗೆ ಅಡಾಪ್ಟರ್ ಉಂಗುರ ಹಾಕಿ, ತೀರಿಹೋದ ಅಪ್ಪನ ರೀಲ್ ಕ್ಯಾಮೆರಾದ ಲೆನ್ಸ್ ಕೂರಿಸಿದ್ದಳು. ಕೂತೇನೋ ಕೂತಿತ್ತು. ಬಟನ್ ಒತ್ತಿದರೆ ಮಾತ್ರ ಪರದೆಯ ಮೇಲೆ ‘ಲೆನ್ಸ್ ಇಲ್ಲ’ ಎಂದು ಬರುತ್ತಿತ್ತು. ಫೋಟೋ ಬೀಳುತ್ತಿರಲಿಲ್ಲ.

ಕೆಳಗೆ ನದಿಯ ಮೆಟ್ಟಿಲ ಮೇಲೆ ಅವಳ ತಾಯಿ ತುಳಸಮ್ಮ ಕೂತಿದ್ದರು. ಅವರಿಗೆ ಮರೆವಿನ ಕಾಯಿಲೆ. ಮಗಳನ್ನೇ ‘ನೀವು’ ಎನ್ನತೊಡಗಿದ್ದರು. ಆದರೆ ಗಂಡನ ಆ ಲೆನ್ಸ್ ತಮ್ಮತ್ತ ತಿರುಗಿದರೆ ಸಾಕು, ಹಳೆಯ ಅಭ್ಯಾಸಬಲದಿಂದ ಸೆರಗು ಸರಿಮಾಡಿಕೊಂಡು ನಗುತ್ತಿದ್ದರು. ಆ ನಗು ನಾಳೆ ಇರುತ್ತದೋ ಇಲ್ಲವೋ. ಅದು ಹೋಗುವ ಮೊದಲು ಒಂದು ಫೋಟೋ ಸಿಕ್ಕರೆ ಸಾಕೆಂದು ಶಾಂಭವಿಯ ಜೀವ ಬಾಯಿಗೆ ಬಂದಿತ್ತು.

ಲೆನ್ಸ್ ಬಿಚ್ಚಿದಳು, ಒರೆಸಿದಳು, ಹಾಕಿದಳು. ಮತ್ತೆ ಬಿಚ್ಚಿದಳು. ಬಿಸಿಲು ಇಳಿಯುತ್ತಲೇ ಇತ್ತು.

“ಏನಮ್ಮ ಅಷ್ಟು ಒರೆಸ್ತಿದೀಯ?” ಎಂದರು ಗುರುಗಳು.

“ಲೆನ್ಸಿನ ಹಿಂಬದಿ ಧೂಳು ಕೂತಿರಬೇಕು ಗುರುಗಳೇ. ಕ್ಯಾಮೆರಾಗೆ ಇದರ ಗುರುತೇ ಸಿಗ್ತಿಲ್ಲ.”

ಈಗಿನ ಲೆನ್ಸುಗಳ ಹಿಂಬದಿಯಲ್ಲಿ ಕ್ಯಾಮೆರಾಗೆ ಸುದ್ದಿ ಮುಟ್ಟಿಸುವ ಲೋಹದ ಚುಕ್ಕೆಗಳಿರುತ್ತವೆ. ಈ ಹಳೆಯದರಲ್ಲಿ ಒಂದೂ ಇರಲಿಲ್ಲ. ಪಾಪ, ಇಲ್ಲದ ಚುಕ್ಕೆಗಳನ್ನು ಅವಳು ಉಜ್ಜುತ್ತಿದ್ದಳು.

ಗುರುಗಳು ಲೆನ್ಸ್ ಇಸಿದುಕೊಂಡು ಕತ್ತಲೆಯ ಕೋಣೆಯೊಳಗೆ ಹೋದರು. ಶಾಂಭವಿ ಹಿಂದೆಯೇ ಹೋದಳು. ಒಗೆದ ಪಂಚೆಯೊಂದು ಹಗ್ಗದ ಮೇಲಿತ್ತು. ನದಿಯತ್ತ ತೆರೆದ ಬಾಗಿಲಿಗೆ ಎದುರಾಗಿ, ಲೆನ್ಸನ್ನು ಪಂಚೆಯ ಹತ್ತಿರ ಹಿಡಿದು, ಕೊಂಚ ಹಿಂದೆ ಮುಂದೆ ಸರಿಸಿದರು.

ಪಂಚೆಯ ಮೇಲೆ ಅಂಗೈಯಗಲ ನದಿ ಬಿತ್ತು, ತಲೆಕೆಳಗಾಗಿ. ಮೆಟ್ಟಿಲು ಬಿತ್ತು. ಮೆಟ್ಟಿಲ ಮೇಲೆ ಬೆರಳ ತುದಿಯಷ್ಟು ಅಮ್ಮ.

“ಈ ಪಂಚೆಗೆ ಲೆನ್ಸಿನ ಗುರುತು ಹೇಳಿಕೊಟ್ಟವರು ಯಾರು?”

ಶಾಂಭವಿ ಬಾಗಿ ಆ ಪುಟ್ಟ ಅಮ್ಮನನ್ನು ನೋಡಿದಳು. ನೋಡುತ್ತ ನೋಡುತ್ತ ಬೆಳಗಿನಿಂದ ನುಂಗಿಕೊಂಡಿದ್ದ ಮಾತು ಹೊರಗೆ ಬಂತು.

“ಬೆಳಗ್ಗೆ ಅಮ್ಮಂಗೆ ತಿಂಡಿ ಕೊಟ್ಟೆ ಗುರುಗಳೇ. ತಿಂದು, ‘ಹೊತ್ತಾಯ್ತು, ಮನೆಗೆ ಹೋಗಿ, ನಿಮ್ಮಮ್ಮ ಕಾಯ್ತಿರ್ತಾರೆ’ ಅಂದ್ರು.”

ಗುರುಗಳು ಲೆನ್ಸ್ ಕೂರಿಸಿ, ಕ್ಯಾಮೆರಾದ ಮೆನು ತೆರೆದು ಹುಡುಕಿದರು. ಲೆನ್ಸ್ ಇಲ್ಲದಿದ್ದರೂ ಫೋಟೋ ತೆಗೆಯಬಹುದು ಎಂಬ ಸೆಟ್ಟಿಂಗ್ ಮೂಲೆಯಲ್ಲೆಲ್ಲೋ ಇತ್ತು. ಅದನ್ನು ಆನ್ ಮಾಡಿ ಬಟನ್ ಒತ್ತಿದರು. ಕ್ಲಿಕ್ ಎಂದಿತು.

ಶಾಂಭವಿ ಕ್ಯಾಮೆರಾ ಕೈಗೆ ತೆಗೆದುಕೊಂಡಳು. ಆತಂಕ ಇನ್ನೂ ಬಿಟ್ಟಿರಲಿಲ್ಲ.

“ಹಾಗಾದ್ರೆ ಇನ್ಮೇಲೆ ಇದಕ್ಕೆ ಗುರುತು ಸಿಗುತ್ತಾ ಗುರುಗಳೇ?”

“ಸಿಗಲ್ಲಮ್ಮ. ಕೊನೇ ತನಕ ‘ಇಲ್ಲ’ ಅಂತಲೇ ಅಂದುಕೊಂಡಿರುತ್ತೆ. ಫೋಕಸ್ ನೀನೇ ಕೈಯಾರೆ ತಿರುಗಿಸಿ ತಂದುಕೋಬೇಕು. ಹೋಗು, ಅಮ್ಮನ ಹತ್ತಿರ ಕೂತುಕೋ, ಇನ್ನೂ ಬೆಳಕಿದೆ.”